ದವಾಖಾನೆ ಚೀಟಿ ಎಂದು ತುಂಬಿದ ಪುಟ

ನನಗೆ ಫಿಟ್ಸ್ ಬರುತ್ತದೆ ಎಂಬ ಸಂಗತಿ ಬಸವಕಲ್ಯಾಣದ ನಮ್ಮ ಮನೆಯ ನಾಲ್ಕು ಗೋಡೆ ದಾಟಿರಲಿಲ್ಲ. ಹುಮನಾಬಾದಿನ ಹುಡುಗನ ಜೊತೆ ಮದುವೆ ಗೊತ್ತಾದ ದಿನ ಅವ್ವ ನನ್ನನ್ನು ಒಳಗೆ ಕರೆದು, "ಮೂರು ಗಂಟ ಬೀಳೋತನ ಬಾಯಿ ಬಿಡಬ್ಯಾಡ" ಅಂದಿದ್ದಳು. ನಾನೂ ಹೂಂ ಅಂದೆ. ಆದರೆ ತಾಳಿ ಕಟ್ಟುವ ಹೊತ್ತಿಗೇ ಬಂದುಬಿಟ್ಟರೆ?

ಫೋನಿನಲ್ಲಿ ಹುಡುಕುತ್ತಾ ಹುಡುಕುತ್ತಾ ಫಿಟ್ಸ್ ಬಗ್ಗೆಯೇ ಕನ್ನಡದಲ್ಲಿದ್ದ ಒಂದು ವೆಬ್‌ಸೈಟ್ ಸಿಕ್ಕಿತು. ತೆರೆದೊಡನೆ ಪರದೆಯ ಅರ್ಧಕ್ಕೂ ಹೆಚ್ಚು ಬಿಳಿ ಕೋಟಿನ ಡಾಕ್ಟರರ ಚಿತ್ರ. ಅದರ ಕೆಳಗೇ ಖಾನೆಗಳು: ಹೆಸರು, ಊರು, ನಿಮ್ಮ ತೊಂದರೆ. ಥೇಟ್ ಸರ್ಕಾರಿ ದವಾಖಾನೆಯ ಚೀಟಿ. ಚೀಟಿ ಮಾಡಿಸಿ ಮಾಡಿಸಿ ರೂಢಿಯಾದವಳು ನಾನು, ಕೇಳಿದ್ದಕ್ಕಿಂತ ಹೆಚ್ಚೇ ತುಂಬಿದೆ. ಅಪ್ಪನ ಹೆಸರು, ನಮ್ಮ ಓಣಿ, ಹುಮನಾಬಾದಿನಲ್ಲಿ ನನ್ನನ್ನು ಕೊಡುವ ಮನೆ ಯಾವುದು, ಅವರಿಗೆ ಹೇಳಿಲ್ಲ ಎಂಬುದು ಕೂಡ. ಡಾಕ್ಟರರ ಹತ್ತಿರ ಏನು ಮುಚ್ಚುಮರೆ?

ಕಳಿಸಿದ ಮೇಲೆ ನಾನು ಬರೆದದ್ದೆಲ್ಲ ಅದೇ ಪುಟದಲ್ಲಿ ಬಂದು ಕೂತಿತು. ಬೆರಳು ಕೆಳಗೆ ಸರಿಸಿದೆ. ಯಾರ್ಯಾರದೋ ಮಾತುಗಳು: ಬಿದ್ದು ತಲೆಗೆ ಪೆಟ್ಟಾದದ್ದು, ಗುಳಿಗೆಯಿಂದ ಬರುವ ತೂಕಡಿಕೆ, ಕೆಲಸ ಹೋದದ್ದು. ಪುಟದ ಕಟ್ಟಕಡೆಗೆ, ಇರುವೆಯಷ್ಟು ಅಕ್ಷರದಲ್ಲಿ: 'ಇದು ಫಿಟ್ಸ್ ಇರುವವರು ತಮ್ಮತಮ್ಮಲ್ಲಿ ಮಾತಾಡುವ ಜಾಗ. ಇಲ್ಲಿ ಬರೆದದ್ದು ಎಲ್ಲರಿಗೂ ಕಾಣುತ್ತದೆ.' ಈ ಎರಡು ಸಾಲು ಮೇಲೆ ಹಾಕಿದ್ದರೆ ಇವರ ಗಂಟೇನು ಹೋಗುತ್ತಿತ್ತು? ಮುಂಬಾಗಿಲಲ್ಲಿ ಬರೆಯಬೇಕಾದ್ದನ್ನು ಹಿತ್ತಲಲ್ಲಿ ಬರೆದಿದ್ದರು.

ಅಳಿಸುವ ಗುಂಡಿ ಎಲ್ಲೂ ಕಾಣಲಿಲ್ಲ. ನಡೆಸುವವರಿಗೆ ಬರೆಯಲು ಒಂದು ಮೂಲೆಯಲ್ಲಿ ಜಾಗವಿತ್ತು, ನನ್ನ ನಂಬರ್ ಹಾಕಿ ದಯವಿಟ್ಟು ತೆಗೆಯಿರಿ ಎಂದು ಬರೆದೆ. ಉತ್ತರವಿಲ್ಲ. ಆಗಲೇ ಏಳು ಜನ ನೋಡಿದ್ದಾರೆ ಎಂದು ಪುಟ ತೋರಿಸುತ್ತಿತ್ತು. ಏಳರಲ್ಲಿ ಒಬ್ಬರು ಹುಮನಾಬಾದಿನವರಾಗಿದ್ದರೆ ನನ್ನ ಕಥೆ ಮುಗಿಯಿತು. ಊರ ಬಾಯಿಂದ ಆ ಮನೆಗೆ ಮುಟ್ಟುವ ಮೊದಲು ನನ್ನ ಬಾಯಿಂದಲೇ ಮುಟ್ಟಲಿ ಎಂದುಕೊಂಡೆ. ಜಂಪರ್ ಹೊಲಿಯಲು ಹಾಕಿ ಬರುತ್ತೇನೆಂದು ಅವ್ವನಿಗೆ ಸುಳ್ಳು ಹೇಳಿ ಬಸ್ ಹತ್ತಿದೆ. ದಾರಿಯುದ್ದಕ್ಕೂ, ಬಸ್ಸಿನಲ್ಲೇ ಬಿದ್ದುಬಿಟ್ಟರೆ ಏನು ಗತಿ ಎಂಬ ಭಯ ಬೇರೆ.

ಹುಡುಗನ ತಾಯಿ ಒಬ್ಬರೇ ಮನೆಯಲ್ಲಿದ್ದರು, ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದರು. ನನ್ನ ಮುಖ ನೋಡಿ ಗಾಬರಿಯಾದರು.

"ಯಾಕವ್ವಾ, ಒಬ್ಬಾಕೀನೇ ಬಂದೀ? ಮನ್ಯಾಗ ಎಲ್ಲಾರೂ ಆರಾಮ ಅದಾರಿಲ್ಲೋ?"

"ನನಗ ಫಿಟ್ಸ್ ಬರ್ತಾವ್ರಿ. ನಿಮಗ ಹೇಳಿದ್ದಿಲ್ಲ" ಅಂದೆ.

ಅವರ ಕೈ ಮೊರದಲ್ಲೇ ನಿಂತಿತು. ಅಷ್ಟರಲ್ಲಿ ನನ್ನ ಚೀಲದಲ್ಲಿ ಫೋನ್ ಸದ್ದು ಮಾಡಿತು. ಅವರ ಮುಖ ನೋಡುವ ಧೈರ್ಯವಿಲ್ಲದೆ ಅದನ್ನೇ ತೆಗೆದು ನೋಡಿದೆ. 'ಅಳಿಸಿದ್ದೇವೆ. ನೋಡಿದವರು ನಾವೇ ಏಳು ಜನ, ಇದನ್ನು ನಡೆಸುವವರು. ಹೆದರಬೇಡಿ.' ಹಾಗಾದರೆ ನಾನು ಬರಬೇಕಾಗಿಯೇ ಇರಲಿಲ್ಲ. ನನ್ನ ಕೈಯಾರೆ ನನ್ನ ಮದುವೆ ಮುರಿದುಕೊಂಡೆ ಅನ್ನಿಸಿತು.

ಅವರು ಮೊರ ಪಕ್ಕಕ್ಕಿಟ್ಟು ನನ್ನನ್ನು ಕೂರಿಸಿದರು.

"ಗುಳಿಗಿ ಎಷ್ಟು ಹೊತ್ತಿಗಿ ತೊಗೋತೀ?"

"ಮುಂಜಾನಿ ಒಂಬತ್ತಕ್ಕರಿ. ಉಂಡ ಮ್ಯಾಲ."

"ಮುಹೂರ್ತ ಹತ್ತೂವರಿಗಿ ಅದ" ಅಂದರು. "ಮದುಮಗಳು ಉಪವಾಸ ಇರಬೇಕಂತ ನಿಮ್ಮವ್ವ ಹಟ ಹಿಡೀತಾಳ. ಆಕಿಗಿ ನಾ ಹೇಳ್ತೀನಿ. ಉಂಡು, ಗುಳಿಗಿ ನುಂಗಿ, ಆಮ್ಯಾಲ ಮಂಟಪಕ್ಕ ಬಾ."