ಹತ್ತು ಅನ್ನಬಾರದು ಅಂದ ಸರೋಜಮ್ಮ ಮೇಡಂ

ಸರೋಜಮ್ಮ ಮೇಡಂ ಯಾರ ಮುಖವನ್ನೂ ನೋಡಿ ಮಾತಾಡುತ್ತಿರಲಿಲ್ಲ. ನೀವು ಎದುರು ನಿಂತು ಕಷ್ಟ ಹೇಳಿಕೊಳ್ಳುತ್ತಿದ್ದರೂ ಅವರ ನೋಟ ನಿಮ್ಮ ಹೆಗಲ ಮೇಲಿಂದ ಆಕಾಶದ ಈ ತುದಿಯಿಂದ ಆ ತುದಿಗೆ ಹೋಗಿ ಬರುತ್ತಿತ್ತು. ಮದುವೆಮನೆಯ ಪಂಕ್ತಿಯಲ್ಲೂ ಎಲೆ ಬಿಟ್ಟು ಚಪ್ಪರದ ಸಂದಿಯಲ್ಲಿ ಮೋಡ ಹುಡುಕುವವರು.

ಮುಳಬಾಗಿಲಿನ ಹೊರಗಿನ ಮೈದಾನದಲ್ಲಿ ನಮಗೆ ಗ್ಲೈಡರ್ ಹಾರಿಸಲು ಕಲಿಸುತ್ತಿದ್ದರು. ಇಂಜಿನ್ ಇಲ್ಲದ ವಿಮಾನ ಅದು. ಮೇಲೇರಬೇಕಾದರೆ ಬಂಡೆ ಕಾದು ಬಿಸಿಗಾಳಿ ಏಳುವ ಕಡೆಯೇ ಸುತ್ತಬೇಕು. ಉಳಿದವರೂ ಅಲ್ಲಿಗೇ ಬರುತ್ತಾರೆ, ಡಿಕ್ಕಿಯ ಭಯವೂ ಅಲ್ಲೇ. ಎಚ್ಚರಿಕೆಯ ಯಂತ್ರ ಕೊಳ್ಳುವ ಮಾತು ಬಂದಾಗ ನಾನು ಬಣ್ಣದ ನಕ್ಷೆ ತೋರಿಸುವ ಅಗಲ ಪರದೆಗೆ ಮನಸೋತಿದ್ದೆ. ಮೇಡಂ ಅಂಗೈಯೊಳಗೆ ಅಡಗುವಂಥ ದುಂಡು ಯಂತ್ರವೇ ಬೇಕೆಂದು ಪಟ್ಟು ಹಿಡಿದರು. ಅದರಲ್ಲಿ ಗಡಿಯಾರದ ಅಂಕಿಗಳ ಜಾಗದಲ್ಲಿ ಪುಟ್ಟ ದೀಪಗಳು. ಇನ್ನೊಂದು ಗ್ಲೈಡರ್ ಬರುವ ದಿಕ್ಕಿನ ದೀಪ ಉರಿದು ಕೀಚ್ ಎನ್ನುತ್ತದೆ.

"ಅದನ್ನ ತಗೊಂಡ್ರೆ ನೀನು ಸಿನಿಮಾ ನೋಡ್ತಾ ಕೂತ್ಬಿಡ್ತೀಯ ನಾಯನಾ. ಇದು ಎಲ್ಲಿ ಅಂತ ಮಾತ್ರ ಹೇಳ್ತದೆ. ಆಮೇಲೆ ಕತ್ತೆತ್ತಿ ನೀನೇ ಹುಡುಕ್ಬೇಕು."

"ದೀಪ ಉರೀಲಿಲ್ಲ ಅಂದ್ರೆ ಯಾರೂ ಇಲ್ಲ ಅಂತ ತಾನೇ ಮೇಡಂ?"

"ಅಯ್ಯೋ ಮಂಕೇ! ಯಂತ್ರ ಇಟ್ಕೊಂಡಿರೋನು ಮಾತ್ರ ಇದ್ರಲ್ಲಿ ಕಾಣೋದು. ಇಲ್ದಿರೋನು ಮೂಗಿನ ಮುಂದೆ ಬಂದ್ರೂ ಇದು ಸುಮ್ನೆ ಇರ್ತದೆ. ಹದ್ದೇನು ಯಂತ್ರ ಕಟ್ಕೊಂಡು ಹಾರ್ತದಾ?"

ಅಂದಿನಿಂದ ಉರಿಯುವ ದೀಪಕ್ಕಿಂತ ಉರಿಯದ ದೀಪವೇ ನನ್ನನ್ನು ಹೆಚ್ಚು ಹೆದರಿಸಿತು.

ಒಂದು ಬೇಸಿಗೆಯಲ್ಲಿ ಕುರುಡುಮಲೆಯ ಮೇಲೆ ಸುತ್ತುತ್ತಿದ್ದೆವು. ಕಲಿಯುವ ನಾನು ಮುಂದೆ, ಮೇಡಂ ಹಿಂದೆ. ಎಡಗಡೆಯ ದೀಪ ಕೆಂಪಗೆ ಉರಿಯಿತು. "ಹತ್ತು! ಹತ್ತು!" ಎಂದು ಮೇಡಂ ಕಿರುಚಿದರು. ಹತ್ತು ಗಂಟೆಯ ದಿಕ್ಕಿನಲ್ಲಿ ನೋಡು ಎಂದು ಅವರ ಅರ್ಥ. ಮೇಲಕ್ಕೆ ಹತ್ತು ಎಂದುಕೊಂಡ ನಾನು ಗ್ಲೈಡರಿನ ಮೂಗು ಎತ್ತಿಬಿಟ್ಟೆ. ಇನ್ನೊಂದು ಗ್ಲೈಡರ್ ನಮಗಿಂತ ಮೇಲೆಯೇ ಇತ್ತು. ಅದರ ಬಿಳಿ ಹೊಟ್ಟೆ ತಲೆಯ ಮೇಲೆ ಬಂದಾಗ ಮೇಡಂ ಹಿಂದಿನ ಸೀಟಿನ ಸ್ಟಿಕ್ ಮುಂದಕ್ಕೆ ಒತ್ತಿ ನಮ್ಮನ್ನು ಕೆಳಗಿಳಿಸಿದರು. ಕೂದಲೆಳೆಯಲ್ಲಿ ಉಳಿದೆವು.

ಇಳಿದ ಮೇಲೆ ಎಲ್ಲರನ್ನೂ ಕರೆದು, "ಇನ್ಮೇಲೆ ಮೇಲೆ ಹೋದಾಗ ಹತ್ತು ಅನ್ನೋ ಮಾತೇ ಬೇಡ. ತೆಲುಗಲ್ಲಿ ಪದಿ ಅನ್ನಿ" ಎಂದರು. ಅರ್ಧ ತೆಲುಗು ಮನೆಗಳವರೇ ಆದ ನಾವು ಬಿದ್ದು ಬಿದ್ದು ನಕ್ಕೆವು. ಮೇಡಂ ನಗಲಿಲ್ಲ. ನನ್ನೊಬ್ಬನನ್ನೇ ನೆರಳಿಗೆ ಕರೆದರು.

"ಮಾತಿಂದಲ್ಲ ಕಣೋ ತಪ್ಪು. ದೀಪ ಉರಿಯೋವರ್ಗೂ ಅದು ನನಗೆ ಕಾಣ್ಲೇ ಇಲ್ಲ." ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡರು. "ಎಡಗಣ್ಣು ಹೋಗ್ತಾ ಇದೆ. ಯಾರಿಗೂ ಹೇಳ್ಬೇಡ."

ಮೊಣಕಾಲು ನೋವೆಂದು ನೆಪ ಹೇಳಿ ಅವರು ಪಾಠ ನಿಲ್ಲಿಸಿದಾಗ ಸಮಾಧಾನವಾಯಿತು. ಆದರೆ ಒಂದು ಮಧ್ಯಾಹ್ನ ಒಬ್ಬರೇ ಬಂದು ಗ್ಲೈಡರ್‌ನಲ್ಲಿ ಕೂತೇಬಿಟ್ಟರು. ಗ್ಲೈಡರ್ ನೆಲದ ಮೇಲೆ ಒಂದು ಕಡೆಗೆ ವಾಲಿರುತ್ತದೆ. ಒಬ್ಬರು ರೆಕ್ಕೆಯ ತುದಿ ಎತ್ತಿ ಹಿಡಿದ ಮೇಲೆಯೇ ಅದನ್ನು ಮೇಲಕ್ಕೇರಿಸುವ ಹಗ್ಗ ಎಳೆಯುವುದು. ಆ ದಿನ ರೆಕ್ಕೆಯ ಹತ್ತಿರ ನಿಂತಿದ್ದವನು ನಾನು. ಮೇಲೆ ಆಗಲೇ ನಮ್ಮ ಹುಡುಗರು ಸುತ್ತುತ್ತಿದ್ದರು.

"ಏನ್ಲಾ, ಎತ್ತೋ."

"ಬೇಡಿ ಮೇಡಂ. ಇಳೀರಿ."

"ಒಂದೇ ಸಾರಿ ನಾಯನಾ. ಒಬ್ಳೇ ತಾನೇ ಹೋಗೋದು."

"ಮೇಲೆ ಇರೋರು?"

ನಾನು ರೆಕ್ಕೆ ಮುಟ್ಟಲಿಲ್ಲ. ಮೇಡಂ ಬಹಳ ಹೊತ್ತು ಬೆಲ್ಟ್ ಕಟ್ಟಿಕೊಂಡೇ ಕೂತಿದ್ದು, ಆಮೇಲೆ ಹಗ್ಗ ಕಳಚಿ ಇಳಿದರು.

"ಸರಿಯಾಗೇ ಮಾಡ್ದೆ" ಅಂದರು. "ಇನ್ಮೇಲೆ ನನ್ನ ಮಾತಾಡಿಸ್ಬೇಡ."

ಹೋಳೂರಿನ ತಂಗಿಯ ಮನೆಗೆ ಹೋಗಿಬಿಟ್ಟರು. ನಾನು ಹೋದಾಗಲೆಲ್ಲ ಆ ತಂಗಿಯೇ ಕಾಫಿ ಕೊಟ್ಟು ಕಳಿಸುತ್ತಿದ್ದರು. ಮೇಡಂ ಕೋಣೆಯಿಂದ ಹೊರಗೆ ಬರುತ್ತಿರಲಿಲ್ಲ. ಕಳೆದ ಚಳಿಗಾಲದಲ್ಲಿ ತೀರಿಕೊಂಡರೆಂದು ಫೋನ್ ಬಂತು. ಹೋಗಿ ತಲೆಯ ಬಳಿ ನಿಂತೆ. ಹೇಳುವುದು ಬೇಕಾದಷ್ಟಿತ್ತು. ಆಗಲೂ ಮಾತಾಡಿಸಲು ಧೈರ್ಯ ಬರಲಿಲ್ಲ.