ಗೇಣುದ್ದದ ವೈರು

ಅವನನ್ನು ಎಲ್ಲರೂ ಕರೆಯುತ್ತಿದ್ದುದು ಗೇಣಪ್ಪ ಎಂದು. ಮನೆಮನೆಗೆ ಹೋಗಿ ವೈಫೈ ಜೋಡಿಸುವ ಕೆಲಸ. ಬ್ಯಾಗಿನಲ್ಲಿ ಬೇರೆ ಏನಿರಲಿ ಬಿಡಲಿ, ಗೇಣುದ್ದದ ವೈರುಗಳ ಒಂದು ಕಟ್ಟು ಇದ್ದೇ ಇರುತ್ತಿತ್ತು. ಟೀವಿಗೆ ಸಿನಿಮಾ ತರುವ ಬೆರಳುಗಾತ್ರದ ಸ್ಟಿಕ್ಕನ್ನು ಜನ ಟೀವಿಯ ಬೆನ್ನಿಗೆ ಚುಚ್ಚಿ ಮರೆತುಬಿಡುತ್ತಾರೆ. ತಗಡಿನ ಮರೆಯಲ್ಲಿ ಅದಕ್ಕೆ ಅರ್ಧ ಕಿವುಡು. ಗೇಣಪ್ಪ ನಡುವೆ ಒಂದು ವೈರು ಸಿಕ್ಕಿಸಿ, ಸ್ಟಿಕ್ಕನ್ನು ಟೀವಿಯ ಪಕ್ಕಕ್ಕೆ ಎಳೆದು ತರುತ್ತಿದ್ದ. ಅಷ್ಟೇ. ಗಿರಗಿರ ಸುತ್ತುತ್ತ ನಿಂತಿದ್ದ ಚಿತ್ರ ಅಲ್ಲಿಂದಾಚೆಗೆ ನೀರಿನ ಹಾಗೆ ಹರಿಯುತ್ತಿತ್ತು. ವೈರಿನ ಎರಡು ತುದಿಗೂ ನೀಲಿ ಟೇಪು ಸುತ್ತುವುದು ಅವನ ರೂಢಿ.

ಇನ್ನೊಂದು ರೂಢಿಯೂ ಇತ್ತು. ಅದೇ ಅವನಿಗೆ ಮುಳುವಾದದ್ದು. ಕೆಲಸ ಮುಗಿದ ಮೇಲೆ ಫೋನಿನಲ್ಲಿ ವೇಗ ಅಳೆದು, ಅದರ ಫೋಟೊ ಕಂಪನಿಗೆ ಕಳಿಸಬೇಕು. ಉಳಿದವರೆಲ್ಲ ರೂಟರ್ ಡಬ್ಬಿಗೆ ಮೈ ತಾಗಿಸಿಕೊಂಡು ನಿಂತು ಅಳೆಯುತ್ತಿದ್ದರು. ಐನೂರು, ಆರುನೂರು ಎಂಬಿಪಿಎಸ್ ಬರುತ್ತಿತ್ತು. ಗೇಣಪ್ಪ ಟೀವಿಯ ಪಕ್ಕಕ್ಕೆ ಹೋಗಿ ಅಳೆಯುವನು. ಎರಡು ಗೋಡೆ, ಒಂದು ಕಬ್ಬಿಣದ ಬೀರು ದಾಟಿ ಬರುವಷ್ಟರಲ್ಲಿ ಅದು ನಲವತ್ತಕ್ಕೆ ಇಳಿದಿರುತ್ತಿತ್ತು. ಸಿನಿಮಾ ನೋಡಲು ನಲವತ್ತು ಧಾರಾಳವಾಯಿತು. ಆದರೆ ಕಂಪನಿಯ ಪಟ್ಟಿಯಲ್ಲಿ ತಿಂಗಳು ತಿಂಗಳೂ ಅವನದೇ ಕೊನೆಯ ಹೆಸರು.

ಪಟ್ಟಿ ಓದುವ ಸೂಪರ್‌ವೈಸರ್ ಬೇರೆ ಯಾರೂ ಅಲ್ಲ, ಹೆಂಡತಿಯ ತಮ್ಮ. ವೈರು ಸುಲಿಯುವುದನ್ನು ಅವನಿಗೆ ಕೈಹಿಡಿದು ಕಲಿಸಿದ್ದೇ ಗೇಣಪ್ಪ. ಈಗ ಭಾಮೈದ ಮೇಜಿನ ಆಚೆ, ಭಾವ ಈಚೆ.

"ಭಾವ, ಡಬ್ಬಿ ಪಕ್ಕ ನಿಂತ್ಕೊಂಡು ಒಂದು ಫೋಟೊ ತೆಗೆದ್ರೆ ನಿಮ್ಮಪ್ಪನ ಮನೆ ಗಂಟು ಏನು ಹೋಗುತ್ತೆ?"

"ಟೀವಿ ಡಬ್ಬಿ ಪಕ್ಕ ಇಲ್ವಲ್ಲೋ. ಜನ ಟೀವಿ ನೋಡ್ತಾರೋ, ಡಬ್ಬಿ ನೋಡ್ತಾರೋ?"

"ಅದಿರ್ಲಿ. ಆರನೇ ತಲೆಮಾರಿನ ಹೊಸ ರೂಟರ್ ಬಂದು ಮೂರು ತಿಂಗಳಾಯ್ತು. ಎಲ್ಲರೂ ಮಾರಿದ್ರು. ನೀವು ಒಂದಾದ್ರೂ?"

"ಮನೆಗಳಲ್ಲಿರೋ ಸ್ಟಿಕ್ಕು ನಾಲ್ಕನೇ ತಲೆಮಾರಿಂದು ಕಣೋ. ರೂಟರ್ ಎಷ್ಟು ಬುದ್ಧಿವಂತ ಆದ್ರೇನು, ಅದು ಆಡೋ ಮಾತು ಈ ಸ್ಟಿಕ್ಕಿಗೆ ತಿಳೀಬೇಡ್ವಾ?"

ಭಾಮೈದ ಎದ್ದು ಬಂದು ಭಾವನ ಬ್ಯಾಗಿಗೆ ಕೈಹಾಕಿ ವೈರುಗಳ ಕಟ್ಟನ್ನೇ ತೆಗೆದು ತನ್ನ ಮೇಜಿನ ಮೇಲಿಟ್ಟುಕೊಂಡ.

"ಇವು ಇಲ್ಲಿರ್ಲಿ. ನೀವು ಇದನ್ನ ಸಿಕ್ಕಿಸ್ತೀರಿ, ಜನ ಡಬ್ಬಿ ಬೇಡ ಅಂತಾರೆ. ನಾಳೆ ನರ್ಸಮ್ಮನ ಮನೆ. ಹೊಸ ರೂಟರ್ ಹಾಕಿ, ಐನೂರರ ಮೇಲಿನ ಫೋಟೊ ಕಳಿಸಿ. ಇಲ್ದಿದ್ರೆ ನಿಮ್ಮನ್ನ ಉಳಿಸ್ಕೊಳ್ಳೋದು ನನ್ನ ಕೈಲಿಲ್ಲ. ಅಕ್ಕಂಗೂ ಹೇಳಿದೀನಿ."

ಹೇಳಿದ್ದಾನೆಂಬುದು ಮನೆಗೆ ಹೋದ ಕೂಡಲೇ ತಿಳಿಯಿತು. ಹೆಂಡತಿ ಟೀ ಲೋಟವನ್ನು ಕುಕ್ಕಿದಳು.

"ಹತ್ತೊಂಬತ್ತು ವರ್ಷದಿಂದ ನಿಮ್ಮ ಸತ್ಯಕ್ಕೆ ನಾನು ಬಡಿಸ್ತಾ ಇದೀನಿ. ಒಂದೇ ಒಂದು ದಿನ ಅದಕ್ಕೆ ರಜೆ ಕೊಡಿ. ಈ ವಯಸ್ಸಲ್ಲಿ ಇನ್ಯಾರು ಕರೆದು ಕೆಲಸ ಕೊಡ್ತಾರೆ?"

ಏಣಿ ಹತ್ತುವಾಗ ಮೊಣಕಾಲು ಹಿಂದೇಟು ಹಾಕುವುದು ಅವನೊಬ್ಬನಿಗೇ ಗೊತ್ತಿದ್ದ ಗುಟ್ಟು.

ನರ್ಸಮ್ಮ ಆಸ್ಪತ್ರೆಯ ಕೆಲಸದಿಂದ ನಿವೃತ್ತಳಾದವಳು. ಕಾಲು ಮುರಿದು ಪ್ಲಾಸ್ಟರ್ ಹಾಕಿಸಿಕೊಂಡು ಹಿಂದಿನ ಕೋಣೆಯ ಮಂಚ ಹಿಡಿದಿದ್ದಳು.

"ಬಾರಪ್ಪ. ಭಾನುವಾರ ನನ್ನ ಮೊಮ್ಮಗಳ ಈಜಿನ ಪಂದ್ಯ. ಸ್ಕೂಲಿನವರು ನೇರವಾಗಿ ತೋರಿಸ್ತಾರಂತೆ. ಈ ಹಾಳು ಕಾಲು ನೆಟ್ಟಗಿದ್ದಿದ್ರೆ ಕೊಳದ ದಡದಲ್ಲೇ ಕೂತಿರ್ತಿದ್ದೆ. ಈ ಟೀವಿ ನೋಡು, ಎರಡು ನಿಮಿಷಕ್ಕೊಂದು ಸಲ ನಿಂತು ಸುತ್ತುತ್ತೆ. ಹೊಸ ಡಬ್ಬಿ ಹಾಕಿದ್ರೆ ಸರಿಹೋಗುತ್ತಾ? ನೀನು ಹೇಳಿದ್ರೆ ತಗೋತೀನಿ."

ಗೇಣಪ್ಪ ಟೀವಿಯ ಹಿಂದೆ ಬಗ್ಗಿ ನೋಡಿದ. ಹಳೆಯ ಸ್ಟಿಕ್ಕು, ತಗಡಿನ ಸಂದಿಯಲ್ಲಿ ಮುಖ ಹುದುಗಿಸಿ ಕೂತಿತ್ತು. ಕೈ ತನ್ನಷ್ಟಕ್ಕೆ ಬ್ಯಾಗಿಗೆ ಹೋಯಿತು. ಬ್ಯಾಗಿನಲ್ಲಿ ಕಟ್ಟು ಇರಲಿಲ್ಲ.

"ಸರಿಹೋಗುತ್ತಮ್ಮ" ಎಂದ.

ಮುಂದಿನ ಕೋಣೆಯಲ್ಲಿ ಹೊಸ ರೂಟರ್ ಜೋಡಿಸಿ, ಅದಕ್ಕೆ ಮೈ ತಾಗಿಸಿಕೊಂಡು ನಿಂತು ಅಳೆದ. ಐನೂರ ಎಂಬತ್ತು. ಫೋಟೊ ಕಳಿಸಿದ. ಶನಿವಾರ ಹೊಸ ವೈರೊಂದನ್ನು ಕೊಂಡು ತಂದು ಸದ್ದಿಲ್ಲದೆ ಸಿಕ್ಕಿಸಿ ಹೋದರಾಯಿತು ಎಂದು ತನ್ನನ್ನು ತಾನೇ ಸಮಾಧಾನ ಮಾಡಿಕೊಂಡ. ಆದರೆ ಶನಿವಾರ, ಭಾವ ದಾರಿಗೆ ಬಂದರೆಂಬ ಖುಷಿಯಲ್ಲಿ, ಭಾಮೈದ ಅವನನ್ನು ಊರಿನ ಇನ್ನೊಂದು ತುದಿಗೆ ಅಟ್ಟಿದ. ನಾಲ್ಕು ಮನೆ, ನಾಲ್ಕು ಹೊಸ ಡಬ್ಬಿ. ಮುಗಿಯುವಾಗ ಅಂಗಡಿಗಳು ಬಾಗಿಲು ಹಾಕಿದ್ದವು.

ಭಾನುವಾರ ಬೆಳ್ಳಂಬೆಳಗ್ಗೆ ಮೊಮ್ಮಗಳು ನೀರಿಗೆ ಹಾರಿದ್ದು ಕಂಡಿತು. ಕೊನೆಯ ಸುತ್ತಿಗೆ ತಿರುಗಿದ್ದೂ ಕಂಡಿತು. ಆಮೇಲೆ ಕಂಡದ್ದು ಬರೀ ಸುತ್ತುವ ಚಕ್ರ. ಚಕ್ರ ಬಿಟ್ಟು ಚಿತ್ರ ಬಂದಾಗ ಹುಡುಗಿ ಟವೆಲು ಹೊದ್ದು ಅಳುತ್ತ ನಿಂತಿದ್ದಳು. ಗೆದ್ದು ಅಳುತ್ತಿದ್ದಾಳೋ ಸೋತು ಅಳುತ್ತಿದ್ದಾಳೋ ಅಜ್ಜಿಗೆ ತಿಳಿಯಲಿಲ್ಲ. ಸೋಮವಾರವೇ ಕಂಪನಿಗೆ ದೂರು ಹೋಯಿತು.

"ಫೋಟೊದಲ್ಲಿ ಐನೂರ ಎಂಬತ್ತು, ಟೀವಿ ಸ್ಟಿಕ್ಕಲ್ಲಿ ಆರು" ಎಂದ ಭಾಮೈದ, ಮುಖ ಎತ್ತದೆ. "ಸುಳ್ಳು ಅಳತೆ ಅಂತ ಮೇಲಿನವರು ತೆಗೆದುಹಾಕೋಕೆ ಬರೆದಿದಾರೆ, ಭಾವ."

"ನೀನೇ ಅಲ್ವೇನೋ ಹಾಗೆ ತೆಗೀರಿ ಅಂದಿದ್ದು?"

"ನಾನು ಬರೆದುಕೊಟ್ಟಿದ್ನಾ?"

ಇಷ್ಟು ವರ್ಷ ನೆಟ್ಟಗೆ ಅಳೆದವನ ಕೆಲಸ ಒಂದೇ ಒಂದು ಸುಳ್ಳು ಅಳತೆಗೆ ಹೋಯಿತು.

ಎರಡು ದಿನ ಬಿಟ್ಟು ಅವನು ವೈರೊಂದನ್ನು ಜೇಬಿನಲ್ಲಿಟ್ಟುಕೊಂಡು ನರ್ಸಮ್ಮನ ಮನೆಗೆ ಹೋದ. ತಪ್ಪಾಯಿತು ಅನ್ನಬೇಕು, ಸಿಕ್ಕಿಸಿ ಬರಬೇಕು, ಇಷ್ಟೇ. ಹಿಂದಿನ ಕೋಣೆಯ ಬಾಗಿಲಲ್ಲೇ ಕಾಲು ನಿಂತಿತು. ಟೀವಿಯಲ್ಲಿ ಚಿತ್ರ ಎಲ್ಲೂ ತಡೆಯದೆ ಓಡುತ್ತಿತ್ತು. ಪಕ್ಕದಲ್ಲಿ ಸ್ಟಿಕ್ಕು ಗೇಣುದ್ದದ ವೈರಿನ ತುದಿಗೆ ನೇತಾಡುತ್ತಿತ್ತು. ವೈರಿನ ಎರಡು ತುದಿಗೂ ನೀಲಿ ಟೇಪು.

"ನಿಮ್ಮ ಸೂಪರ್‌ವೈಸರ್ ಬಂದು ಎರಡು ನಿಮಿಷದಲ್ಲಿ ಸರಿಮಾಡಿ ಹೋದ" ಎಂದಳು ನರ್ಸಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ, ಅದನ್ನೇ ಅವನಿಗೆ ತಡೆದುಕೊಳ್ಳಲಾಗಲಿಲ್ಲ. "ನಿನ್ನ ಮಾತು ನಂಬಿದ್ದೆನಲ್ಲಪ್ಪ. ಕೆಲಸ ಬರದಿದ್ರೆ ಬರಲ್ಲ ಅನ್ನಬಾರದಿತ್ತಾ?"

ಆ ವೈರು ನನ್ನದಮ್ಮ ಎಂಬ ಮಾತು ನಾಲಿಗೆ ತುದಿಗೆ ಬಂತು. ಹಾಗೆಂದರೆ, ಗೊತ್ತಿದ್ದೂ ಹಾಕಲಿಲ್ಲ ಎಂದು ತನ್ನ ಬಾಯಲ್ಲೇ ಒಪ್ಪಿಕೊಂಡಂತೆ. ಗೇಣಪ್ಪ ಜೇಬಿನಲ್ಲಿದ್ದ ವೈರನ್ನು ಮುಷ್ಟಿಯಲ್ಲಿ ಮುದುರಿ ಹಿಡಿದ.

"ನನಗೆ ಗೊತ್ತಾಗಲಿಲ್ಲಮ್ಮ" ಎಂದು ಹೇಳಿ ಮೆಟ್ಟಿಲಿಳಿದ.