ಬೋರ್ಡಿಗೇರಿದ ದಿಂಬು

ಆ ಊರಿನ ಅಂಗಡಿ ಬೀದಿಯಲ್ಲಿ ಒಂದು ಸುತ್ತು ಹಾಕಿದರೆ ಸಾಕು, ಪೇಂಟರನ ಮನೆಮಂದಿಯನ್ನೆಲ್ಲ ನೋಡಿದ ಹಾಗಾಗುತ್ತಿತ್ತು. ಕಟಿಂಗ್ ಶಾಪಿನ ಬೋರ್ಡಿನಲ್ಲಿ ತಲೆ ಬಾಚಿಕೊಂಡು ನಿಂತವನು ಅವನ ಭಾವ. ಹಲ್ಲಿನ ಡಾಕ್ಟರ ಬೋರ್ಡಿನಲ್ಲಿ ನಗುತ್ತಿದ್ದವಳು ಅಕ್ಕ. ಕನ್ನಡಕದ ಅಂಗಡಿಯ ಮೇಲಿಂದ ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಿದ್ದದ್ದು ತೀರಿಕೊಂಡ ಅಪ್ಪ. ಅಕ್ಷರ ಬರೆಯುವುದರಲ್ಲಿ ಪೇಂಟರ್ ಎತ್ತಿದ ಕೈ. ಆದರೆ ಚಿತ್ರಕ್ಕೆ ಕೂತರೆ ಮನೆಯವರನ್ನು ಬಿಟ್ಟು ಬೇರೆ ಯಾರೂ ಅವನ ಕುಂಚಕ್ಕೆ ಬರುತ್ತಿರಲಿಲ್ಲ. ಮದುವೆಗಿದುವೆ ಅಂತ ತಲೆ ಕೆಡಿಸಿಕೊಳ್ಳದೆ ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿ ಬಣ್ಣದ ಡಬ್ಬಿಗಳ ನಡುವೆ ಇದ್ದುಬಿಟ್ಟವನು. ಪರರ ಮುಖವನ್ನು ಅಷ್ಟು ಹೊತ್ತು ನೋಡಲು ಅವನಿಗೆ ನಾಚಿಕೆ.

ಅಂಥವನಿಗೆ ಒಂದು ದಿನ ನಗರಸಭೆಯಿಂದ ಕರೆ ಬಂತು. ಒಂದು ತಳಿಯ ನಾಯಿಯನ್ನು ಊರಿನಲ್ಲಿ ಯಾರೂ ಸಾಕಕೂಡದು ಎಂದು ಕಾನೂನಾಗಿತ್ತು. ಅದನ್ನು ಸಾರುವ ದೊಡ್ಡ ಬೋರ್ಡು ಬೇಕಿತ್ತು.

"ಚೌಕ ತಲೆ, ದಪ್ಪ ಕತ್ತು, ಅಗಲ ಎದೆ, ಜೋಲು ತುಟಿ. ಬರ್ಕೊಂಡ್ಯಾ?" ಅಂದರು ಅಧ್ಯಕ್ಷರು. "ನೋಡಿದವರ ಎದೆ ಧಸಕ್ ಅನ್ನಬೇಕಯ್ಯಾ."

ಪೇಂಟರ್ ಮೈಯೆಲ್ಲ ಕೈಯಾಗಿ ಬರೆದ. ಬೋರ್ಡು ಸರ್ಕಲ್ಲಿಗೇರಿತು. ಏರಿದ ಮೊದಲ ಬೆಳಿಗ್ಗೆಯೇ ಇಡೀ ಬೀದಿ ಅದನ್ನು ಗುರುತು ಹಿಡಿಯಿತು: ಅಕ್ಕನ ಮನೆಯ ದಿಂಬು!

ದಿಂಬು ಅಂದರೆ ಅಕ್ಕ ಸಾಕಿದ ನಾಯಿ. ಚೌಕ ತಲೆ, ಜೋಲು ತುಟಿ ಎಲ್ಲ ಇತ್ತು, ಧೈರ್ಯವೊಂದು ಇರಲಿಲ್ಲ. ಅಡುಗೆಮನೆಯಲ್ಲಿ ಚಮಚ ಬಿದ್ದರೆ ಮಂಚದಡಿಗೆ ನುಗ್ಗುತ್ತಿತ್ತು. ತಲೆ ಮಾತ್ರ ಹಿಡಿಸುತ್ತಿತ್ತು. ಮಿಕ್ಕ ಮೈ ಹೊರಗೇ ನಿಂತು ನಡುಗುತ್ತಿತ್ತು.

ತರಕಾರಿ ತರಲು ಹೋದ ಅಕ್ಕ ಖಾಲಿ ಚೀಲದೊಂದಿಗೆ ಬಿರುಗಾಳಿಯ ಹಾಗೆ ವಾಪಸ್ಸು ಬಂದಳು.

"ಲೋ, ನನ್ನ ಮಗೂನ ಸರ್ಕಲ್ಲಿಗೆ ನೇತುಹಾಕಿದ್ದೀಯಲ್ಲೋ!"

"ಅದು ದಿಂಬು ಅಲ್ಲ ಅಕ್ಕ. ದಿಂಬಿಗೆ ಅಷ್ಟು ದೊಡ್ಡ ಹಲ್ಲೆಲ್ಲಿದೆ?"

"ಹಲ್ಲು ನೀನು ಕೊಟ್ಟಿದ್ದು. ಹರಿದ ಕಿವಿ ಯಾರದ್ದು?"

ಪೇಂಟರ್ ಕುಂಚ ತೊಳೆಯಲು ಎದ್ದು ಹೋದ. ಅಂದಿನಿಂದ ಅಕ್ಕ ಅವನೊಂದಿಗೆ ಮಾತು ಬಿಟ್ಟಳು. ಹೇಳಬೇಕಾದ್ದನ್ನು ನಾಯಿಗೆ ಹೇಳುತ್ತಿದ್ದಳು. "ದಿಂಬು, ಊಟ ತಣ್ಣಗಾಗ್ತಿದೆ ಅಂತ ಯಾರಿಗಾದ್ರೂ ಹೇಳಪ್ಪ." ದಿಂಬು ತಾನೇ ತಟ್ಟೆಯ ಮುಂದೆ ಹೋಗಿ ಕೂರುತ್ತಿತ್ತು.

ಬೀದಿಯವರು ಅವರ ಗೇಟು ಬಂದೊಡನೆ ರಸ್ತೆ ದಾಟತೊಡಗಿದರು. ಪೋಸ್ಟ್‌ಮ್ಯಾನ್ ಕಾಗದಗಳನ್ನು ಕಾಂಪೌಂಡಿನ ಆಚೆಯಿಂದ ಎಸೆಯತೊಡಗಿದ. ಅವನೂ ಪೇಂಟರನೂ ಒಟ್ಟಿಗೆ ಓದಿದವರು.

"ನೀನೂ ನಂಬ್ತೀಯೇನೋ?" ಅಂತ ಪೇಂಟರ್ ಕೇಳಿದ.

ಪೋಸ್ಟ್‌ಮ್ಯಾನ್ ಪ್ಯಾಂಟು ಮೇಲಕ್ಕೆತ್ತಿ ಮೀನಖಂಡ ತೋರಿಸಿದ. ಅಲ್ಲೊಂದು ಗುಳಿಯೇ ಬಿದ್ದಿತ್ತು. "ಸಣ್ಣ ನಾಯಿ ಎಷ್ಟೋ ಸಲ ಕಚ್ಚಿದೆ, ಪ್ಯಾಂಟು ಹೊಲಿಸ್ಕೊಂಡೆ. ಆ ಜಾತೀದು ಕಚ್ಚಿದ್ದು ಒಂದೇ ಸಲ, ಕಾಲು ಹೊಲಿಸ್ಕೊಂಡೆ. ಒಳ್ಳೇದಾ ಕೆಟ್ಟದ್ದಾ ಅಂತ ಗೇಟಲ್ಲಿ ನಿಂತು ವಿಚಾರಿಸಕ್ಕೆ ನನಗೆಲ್ಲಿದೆ ಟೈಮು?"

ಕಿಟಕಿಯೊಳಗಿಂದ ಅಕ್ಕ ಗದರಿದಳು. "ಯಾವುದೋ ಒಂದು ಕಚ್ಚಿತು ಅಂತ ಆ ಮೂತಿ ಇರೋದನ್ನೆಲ್ಲ ಓಡಿಸ್ತೀರಾ? ಕಳ್ಳನಿಗೆ ಮೀಸೆ ಇತ್ತು ಅಂತ ಊರಿನ ಮೀಸೇನೆಲ್ಲ ಬೋಳಿಸ್ತೀರಾ?"

ಪೋಸ್ಟ್‌ಮ್ಯಾನಿಗೆ ಒಳ್ಳೆಯ ಮೀಸೆಯಿತ್ತು. ಅದನ್ನೊಮ್ಮೆ ಮುಟ್ಟಿ ನೋಡಿಕೊಂಡು ಸೈಕಲ್ ಹತ್ತಿದ. ಪೇಂಟರನಿಗೆ ಇಬ್ಬರ ಮಾತೂ ಸರಿಯೆನಿಸಿ ಇನ್ನಷ್ಟು ಸಂಕಟವಾಯಿತು.

ಕೊನೆಗೆ ನಾಯಿಯನ್ನು ಕರೆತರಬೇಕೆಂದು ನಗರಸಭೆಯಿಂದ ಹೇಳಿಕಳಿಸಿದರು. ಅಕ್ಕ ದಿಂಬಿಗೆ ಸ್ನಾನ ಮಾಡಿಸಿ, ಪೌಡರ್ ಹಾಕಿ ಕರೆದೊಯ್ದಳು. ಅಧ್ಯಕ್ಷರು ಕಾಲೆರಡನ್ನೂ ಕುರ್ಚಿಯ ಮೇಲೆ ಮಡಚಿಕೊಂಡರು. ದಿಂಬು ಫ್ಯಾನಿನ ಕೆಳಗೆ ಜಾಗ ಹುಡುಕಿ, ಉರುಳಿ, ಗೊರಕೆ ಹೊಡೆಯಿತು.

ಪಶುವೈದ್ಯರು ಬಂದು ಅದರ ತುಟಿ ಎತ್ತಿ ನೋಡಿದರು, ಬಾಲ ಎತ್ತಿ ನೋಡಿದರು. "ಅಪ್ಪ ಯಾರು?"

"ಹೆಸರು ಹೇಳಿ ಹೋಗಲಿಲ್ಲ," ಅಂದಳು ಅಕ್ಕ.

"ಕಣ್ಣಳತೇಲಿ ಖಚಿತವಾಗಿ ಹೇಳಕ್ಕಾಗಲ್ಲ ಸಾರ್. ನನಗೇನೋ ಅರ್ಧ ಆ ತಳಿ, ಅರ್ಧ ಬೇರೇದು ಅನ್ಸತ್ತೆ."

ಅಧ್ಯಕ್ಷರು ಗಲ್ಲ ಕೆರೆದುಕೊಂಡರು. "ಹಾಗಾದ್ರೆ ಅರ್ಧ ನಾಯಿ ನಿಷೇಧ."

"ಯಾವ ಅರ್ಧ ಸ್ವಾಮೀ?" ಅಕ್ಕ ಕೇಳಿದಳು. "ಮುಂದಿನದೋ ಹಿಂದಿನದೋ?"

"ಕಚ್ಚೋ ಅರ್ಧ," ಅಂದ ಬಾಗಿಲಲ್ಲಿ ಟಪಾಲು ಹಿಡಿದು ನಿಂತಿದ್ದ ಪೋಸ್ಟ್‌ಮ್ಯಾನ್.

ಸಭೆ ಗೊಳ್ಳೆಂದು ನಕ್ಕಿತು. ಆ ಸದ್ದಿಗೆ ದಿಂಬು ಬೆಚ್ಚಿಬಿದ್ದು ಎದ್ದು, ಮಂಚ ಸಿಗದೆ ಪೋಸ್ಟ್‌ಮ್ಯಾನನ ಕಾಲ ಸಂದಿಗೆ ನುಗ್ಗಿತು. ಅವನು ಕಿಟಾರನೆ ಕಿರುಚಿದ. ಅವನಿಗಿಂತ ಜೋರಾಗಿ ನಾಯಿ ಕಿರುಚಿತು. ಟಪಾಲೆಲ್ಲ ನೆಲದ ಪಾಲಾಯಿತು.

ಪೋಸ್ಟ್‌ಮ್ಯಾನ್ ಟಪಾಲು ಆಯ್ದುಕೊಳ್ಳುತ್ತಲೇ ಹೇಳಿದ: "ಇದು ಕಚ್ಚಲ್ಲ, ಒಪ್ಪಿದೆ. ಮುಂದಿನ ಬೀದೀದು ಕಚ್ಚತ್ತೆ. ನನಗೆ ಬೇಕಾದ್ದು ಅದರ ಬಾಯಿ ಮುಚ್ಚೋದು, ಕುಲ ಎತ್ತೋದಲ್ಲ."

ಆಮೇಲೆ ಮಾತಿಗೆ ಮಾತು ಬೆಳೆಯಿತು. ನಿಷೇಧವನ್ನು ಸದ್ಯಕ್ಕೆ ಪಕ್ಕಕ್ಕಿಟ್ಟರು. ದೊಡ್ಡ ನಾಯಿ ಯಾವುದೇ ಆಗಲಿ, ಬೀದಿಗೆ ಬಂದರೆ ಕತ್ತಿಗೆ ಚೈನು, ಬಾಯಿಗೆ ಕುಕ್ಕೆ; ಕಚ್ಚಿದರೆ ಸಾಕಿದವರೇ ಹೊಣೆ ಅಂತ ತೀರ್ಮಾನವಾಯಿತು. ದಿಂಬಿಗೂ ಕುಕ್ಕೆಯೇ ಅಂತ ಅಕ್ಕ ಮೂತಿ ತಿರುವಿದಳು. ಸಾಕಿದವರು ಕುಕ್ಕೆ ಬಿಚ್ಚಿಹಾಕೋದು ಎಷ್ಟು ಹೊತ್ತಿನ ಕೆಲಸ ಅಂತ ಪೋಸ್ಟ್‌ಮ್ಯಾನ್ ಗೊಣಗಿದ. ಬೋರ್ಡು ತಿದ್ದುವ ಕೆಲಸ ಮತ್ತೆ ಪೇಂಟರನ ತಲೆಗೇ ಬಂತು.

ಅವನು ಏಣಿ ಹತ್ತಿ ಹಲ್ಲುಗಳನ್ನು ಅಳಿಸಿ ಕುಕ್ಕೆ ಬರೆಯುತ್ತಿದ್ದಾಗ ಅಕ್ಕ ಕೆಳಗೆ ಬಂದು ನಿಂತಳು.

"ಲೋ, ಹೊಟ್ಟೆ ಸ್ವಲ್ಪ ಒಳಗೆ ತಗೊಳ್ಳೋ. ನಮ್ಮ ದಿಂಬು ಅಷ್ಟು ದಪ್ಪ ಇಲ್ಲ."

ಅಕ್ಕ ನೇರವಾಗಿ ತನಗೇ ಹೇಳಿದ್ದು! ಪೇಂಟರನಿಗೆ ಕುಣಿಯಬೇಕೆನಿಸಿತು, ಏಣಿಯ ಮೇಲಿದ್ದುದರಿಂದ ಕುಣಿಯಲಿಲ್ಲ.

"ಇದ್ದದ್ದು ಇದ್ದ ಹಾಗೇ ಬರಿ!" ಅಂತ ಪೋಸ್ಟ್‌ಮ್ಯಾನ್ ಸೈಕಲ್ಲಿನಿಂದ ಕೂಗಿ ಹೋದ.

ಪೇಂಟರ್ ಅತ್ತಿತ್ತ ನೋಡಿ, ಬಿಳಿ ಬಣ್ಣ ಅದ್ದಿಕೊಂಡು, ಹೊಟ್ಟೆಯನ್ನು ತುಸುವೇ ಇಳಿಸಿದ.